ಮದ್ರಾಸಿನ ರಸೀದಿಯ ಹಿಂಬದಿ: ಮುಳುಗಿಹೋದ ಬ್ಯಾಂಕಿನ ಬೆನ್ನು ಹತ್ತಿದ ಒಂದು ಮನೆಯ ಪ್ರಕರಣ

ಬ್ಯಾಂಕ್ ಕೆಲಸದಿಂದ ರಿಟೈರ್ ಆದ್ಮೇಲೆ ನನ್ನ ಹತ್ರ ಜನ ತರೋದು ಎರಡೇ ಥರದ ಕಾಗದ. ಒಂದು ಲೋನ್ ನೋಟೀಸು, ಇನ್ನೊಂದು ಅಟ್ಟ ಕ್ಲೀನ್ ಮಾಡೋವಾಗ ಸಿಕ್ಕಿದ ಹಳೇ ಕಾಲದ ಕಾಗದ. ಎರಡನೇದನ್ನ ತರೋರ ಮುಖದಲ್ಲಿ ಒಂದು ಹೊಳಪು ಇರುತ್ತೆ, ಅದನ್ನ ಆರಿಸೋ ಕೆಲಸ ನಂಗೆ ಬೀಳುತ್ತೆ. ಈ ಪ್ರಕರಣ 2018ರದ್ದು. ಮನೆಯವರನ್ನ ಕೇಳಿಯೇ ಬರೀತಿದೀನಿ, ಹೆಸರು, ಊರು, ಮನೆತನ ಗುರುತು ಸಿಗದ ಹಾಗೆ ಬದಲಿಸಿದೀನಿ, ಮೊತ್ತವನ್ನೂ ಸ್ವಲ್ಪ ದುಂಡಗೆ ಮಾಡಿದೀನಿ. ದಕ್ಷಿಣ ಕನ್ನಡದ ಕಡೆಯವರು ಅಂದ್ರೆ ಸಾಕು, ಯಜಮಾನರನ್ನ ರಾಯರು ಅಂತ ಕರೀತೀನಿ.

ಹಿನ್ನೆಲೆ

ರಾಯರ ಮುತ್ತಜ್ಜ ಬ್ರಿಟಿಷರ ಕಾಲದಲ್ಲಿ ಕಂದಾಯ ಇಲಾಖೆಯಲ್ಲಿ ಇದ್ದೋರು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು, ಸರ್ಕಾರಿ ಕೆಲಸದೋರಿಗೆ ಎಲ್ಲದಕ್ಕೂ ಮದ್ರಾಸೇ ದಿಕ್ಕು, ಸಂಬಳದ ಆರ್ಡರಿಂದ ಹಿಡಿದು ಪೆನ್ಷನ್ ಕಾಗದದ ತನಕ. ಹಾಗಾಗಿ ಕೂಡಿಟ್ಟ ದುಡ್ಡೂ ಅಲ್ಲಿಗೇ ಹೋಯ್ತು. ಹಳೇ ಮನೆ ಕೆಡವೋವಾಗ ಒಂದು ತಗಡಿನ ಟ್ರಂಕಲ್ಲಿ ಮುತ್ತಜ್ಜನ ಕಾಗದಪತ್ರ ಸಿಕ್ತು, ಜಾಗದ ಪತ್ರ, ಜಾತಕ, ಒಂದು ಕಟ್ಟು ಲೆಕ್ಕದ ಪುಸ್ತಕ, ಮತ್ತೆ ಮಧ್ಯದಲ್ಲಿ ಒಂದು ಡಿಪಾಸಿಟ್ ರಸೀದಿ. 1906ರ ಜನವರಿದು. 5,000 ರೂಪಾಯಿ, ಶೇಕಡ 5 ಬಡ್ಡಿ. ಒಂದಾಣೆ ಸ್ಟಾಂಪಿನ ಮೇಲೆ ಅಡ್ಡಡ್ಡ ಯಾರೋ ದೊರೆಯ ಸಹಿ. ಮೇಲಿನ ಎಡಮೂಲೆ ಗೆದ್ದಲು ತಿಂದು ಅರ್ಧ ಹೆಸರು ಹೋಗಿತ್ತು, ಉಳಿದಿದ್ದು ಕೊನೇ ಮೂರು ಅಕ್ಷರ, ಆಮೇಲೆ ಕಂಪನಿ, ಬ್ಯಾಂಕರ್ಸ್, ಮದ್ರಾಸ್ ಅಂತ.

ಐದು ಸಾವಿರ ಅಂದ್ರೆ ಆಗ ಎಷ್ಟು ದೊಡ್ಡ ದುಡ್ಡು ಅಂತ ಹೇಳೋಕೆ ನಂಗೆ ಒಂದು ಹೋಲಿಕೆ ಇಷ್ಟ. ಅದೇ 1906ರ ಮಾರ್ಚ್ 12ಕ್ಕೆ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮತ್ತೆ ಅವರ ಜೊತೆಯವರು ಒಂದು ಬ್ಯಾಂಕ್ ತೆರೆದ್ರು, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಗಿದ್ದು ಅದೇ. ಅದರ ಶುರುವಿನ ಇಡೀ ಬಂಡವಾಳ 5,000 ರೂಪಾಯಿ. ಮೊದಲನೇ ದಿನ ಸಂಜೆ ಬಾಗಿಲು ಹಾಕೋವಾಗ ಒಟ್ಟು ಸೇರಿದ್ದು 38 ರೂಪಾಯಿ 13 ಆಣೆ 2 ಪೈ. ಜುಲೈನಲ್ಲಿ ಮಂಗಳೂರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಶುರು ಮಾಡಿದ್ರು, ಇವತ್ತಿನ ಕೆನರಾ ಬ್ಯಾಂಕ್. ಅಂದ್ರೆ ಮನೆ ಹತ್ರ ಚಿಲ್ಲರೆ ಕಾಸಿನ ಬ್ಯಾಂಕುಗಳು ಕಣ್ಣು ಬಿಡ್ತಿದ್ದ ವರ್ಷದಲ್ಲೇ ನಮ್ಮ ಮುತ್ತಜ್ಜ ಒಂದು ಬ್ಯಾಂಕಿನ ಬಂಡವಾಳದಷ್ಟು ದುಡ್ಡನ್ನ ಒಬ್ಬರೇ ಮದ್ರಾಸಿಗೆ ಕಳಿಸಿ ಕೂತಿದ್ರು. ಅವರನ್ನ ಬೈಯೋ ಹಾಗಿಲ್ಲ. 38 ರೂಪಾಯಿ ಇರೋ ಅಂಗಡಿಯಲ್ಲಿ ಯಾರು ತಾನೇ ಐದು ಸಾವಿರ ಇಡ್ತಾರೆ.

ಸಮಸ್ಯೆ ಹೇಗೆ ಬೆಳೀತು

ರಸೀದಿ ಸಿಕ್ಕಿದ ರಾತ್ರಿಯೇ ರಾಯರ ತಮ್ಮನ ಮಗ, ಬೆಂಗಳೂರಲ್ಲಿ ಸಾಫ್ಟ್‌ವೇರ್‌ನಲ್ಲಿ ಇರೋ ಹುಡುಗ, ಎಕ್ಸೆಲ್ ತೆಗೆದು 112 ವರ್ಷದ ಚಕ್ರಬಡ್ಡಿ ಹಾಕಿಬಿಟ್ಟ. ರಸೀದಿಲಿ 5 ಅಂತ ಇದ್ರೂ ಇವನು 8 ಹಾಕಿದ, ಈಗಿನ ರೇಟು ಅಂತ. 2 ಕೋಟಿ 77 ಲಕ್ಷ ಬಂತು. (5ಕ್ಕೇ ಹಾಕಿದ್ರೆ 11 ಲಕ್ಷ 80 ಸಾವಿರದ ಹತ್ರ ಬರ್ತಿತ್ತು, ಮೂರು ಪರ್ಸೆಂಟು ಏನು ಮಾಡುತ್ತೆ ನೋಡಿ. ಅಷ್ಟಕ್ಕೂ ಒಂದು ವರ್ಷದ ಅವಧಿ ಮುಗಿದ ಡಿಪಾಸಿಟ್ಟಿಗೆ ಯಾರೂ ನೂರು ವರ್ಷ ಬಡ್ಡಿ ಕಟ್ಟಿಕೊಡಲ್ಲ, ಅದು ಬೇರೆ ಮಾತು.) ಆ ಸ್ಕ್ರೀನ್‌ಶಾಟ್ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹೋಯ್ತು. ಮುಂಬೈನಲ್ಲಿದ್ದ ದಾಯಾದಿಗಳು ಹತ್ತು ವರ್ಷದಿಂದ ಒಂದು ಹಬ್ಬಕ್ಕೂ ವಿಶ್ ಮಾಡದೋರು ಗುಡ್ ಮಾರ್ನಿಂಗ್ ಕಳಿಸೋಕೆ ಶುರು ಮಾಡಿದ್ರು. ವಂಶವೃಕ್ಷ ಮಾಡಿಸಿದ್ರು, 23 ಜನ ವಾರಸುದಾರರು ಬಂದ್ರು. ಯಾರಿಗೆ ಎಷ್ಟು ಪಾಲು ಅನ್ನೋ ಜಗಳ ದುಡ್ಡು ಎಲ್ಲಿದೆ ಅನ್ನೋ ಪ್ರಶ್ನೆಗಿಂತ ಮುಂಚೆ ಬಂತು, ಒಬ್ಬರಂತೂ ಲಾಯರ್ ಹತ್ರ ಹೋಗಿ ನಾನಿಲ್ಲದೆ ಯಾರೂ ಸಹಿ ಹಾಕಬಾರದು ಅಂತ ಪತ್ರ ಕಳಿಸಿದ್ರು.

ಮೊದಲನೇ ದಾರಿ. ರಸೀದಿಲಿ ಬ್ಯಾಂಕರ್ಸ್, ಮದ್ರಾಸ್ ಅಂತ ಇದೆ ಅಂದ್ಮೇಲೆ ಇದು ಬ್ಯಾಂಕ್ ಆಫ್ ಮದ್ರಾಸ್ ಅಂತ ಹುಡುಗ ತೀರ್ಮಾನ ಮಾಡಿದ. ಹಾಗೆ ನೋಡಿದ್ರೆ ಆ ಸರಪಳಿ ಬಲವಾದದ್ದೇ: 1843ರಲ್ಲಿ ಶುರುವಾದ ಬ್ಯಾಂಕ್ ಆಫ್ ಮದ್ರಾಸ್, 1921ರಲ್ಲಿ ಬೆಂಗಾಲ್ ಮತ್ತೆ ಬಾಂಬೆ ಬ್ಯಾಂಕುಗಳ ಜೊತೆ ಸೇರಿ ಇಂಪೀರಿಯಲ್ ಬ್ಯಾಂಕ್ ಆಯ್ತು, 1955ರ ಜುಲೈ 1ಕ್ಕೆ ಅದೇ ಸ್ಟೇಟ್ ಬ್ಯಾಂಕ್. ಹೆಸರು ಮೂರು, ಹೊಣೆ ಒಂದೇ. ಅಲ್ಲಿಗೆ ಅರ್ಜಿ ಹೋಯ್ತು. ಮೂರು ತಿಂಗಳಿಗೆ ಇದು ನಮ್ಮ ಹಿಂದಿನ ಯಾವ ಬ್ಯಾಂಕಿನ ರಸೀದಿಯೂ ಅಲ್ಲ ಅಂತ ಮರ್ಯಾದೆಯಾಗೇ ಉತ್ತರ ಬಂತು. ಸರಿಯಾದ ಉತ್ತರ, ಆದರೆ ಮನೆಯವರಿಗೆ ಅದು ಸರ್ಕಾರಿ ನುಣುಚಾಟ ಅನ್ನಿಸ್ತು.

ಆವಾಗ ಒಬ್ಬ ಏಜೆಂಟ್ ಗಂಟು ಬಿದ್ದ. ಹೆಸರು ಬೇಡ. ಅವನಿಗೆ ಒಂದು ಅರೆಬರೆ ಸತ್ಯ ಗೊತ್ತಿತ್ತು: ಹತ್ತು ವರ್ಷ ಯಾರೂ ಮುಟ್ಟದ ಡಿಪಾಸಿಟ್ ದುಡ್ಡು 2014ರಿಂದ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತೆ, ವಾರಸುದಾರರು ಯಾವಾಗ ಬೇಕಾದ್ರೂ ಬ್ಯಾಂಕಿನ ಮೂಲಕ ಕೇಳಬಹುದು. ಇದು ನಿಜ. ಆದರೆ ಆ ನಿಧಿಗೆ ದುಡ್ಡು ಹೋಗೋದು ಈಗ ಬದುಕಿರೋ ಬ್ಯಾಂಕುಗಳ ಪುಸ್ತಕದಿಂದ. 1935ರಲ್ಲಿ ಹುಟ್ಟಿದ ರಿಸರ್ವ್ ಬ್ಯಾಂಕಿಗೆ 1906ರಲ್ಲೇ ಮುಳುಗಿದ ಬ್ಯಾಂಕಿನ ಲೆಕ್ಕ ಎಲ್ಲಿಂದ ಬರಬೇಕು. ಅದನ್ನ ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಮುಂಗಡ 40,000 ಕೊಟ್ಟು, ಬಂದ ದುಡ್ಡಲ್ಲಿ ಕಾಲು ಭಾಗ ಅಂತ ಬರೆದುಕೊಟ್ರು.

ಏಜೆಂಟ್ ಒಂದು ಕೆಲಸ ಮಾತ್ರ ಮಾಡಿದ, ಆ ಮೂರು ಅಕ್ಷರದ ಬಾಲ ಹಿಡಿದು ಪೂರ್ತಿ ಹೆಸರು ಹುಡುಕಿದ. ಅರ್ಬತ್‌ನಾಟ್ ಅಂಡ್ ಕಂಪನಿ. ಇಂಟರ್ನೆಟ್ಟಲ್ಲಿ ನೋಡಿದ್ರೆ ಎಲ್ಲಾ ಕಡೆ ಒಂದೇ ಸಾಲು, ಅರ್ಬತ್‌ನಾಟ್ ಬಿದ್ದ ಅವಶೇಷದ ಮೇಲೆ ಇಂಡಿಯನ್ ಬ್ಯಾಂಕ್ ಹುಟ್ಟಿತು ಅಂತ. ಸರಿ, ಎರಡನೇ ಅರ್ಜಿ ಅಲ್ಲಿಗೆ. ಅಲ್ಲಿಂದಲೂ ಸಂಬಂಧ ಇಲ್ಲ ಅಂತ ಉತ್ತರ. ರಾಯರು ನನ್ನ ಹತ್ರ ಬಂದಿದ್ದು ಕೋರ್ಟಿಗೆ ಹಾಕೋಣ್ವಾ ಅಂತ ಕೇಳೋಕೆ.

ಅರ್ಬತ್‌ನಾಟ್ ಅಂದ್ರೆ ಏನಾಗಿತ್ತು

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಇಡೀ ಪ್ರಕರಣದ ಗಂಟು ಇರೋದು ಇಲ್ಲೇ. ಹತ್ತೊಂಬತ್ತನೇ ಶತಮಾನದ ಮದ್ರಾಸಲ್ಲಿ ಬಿಳಿಯರ ವ್ಯಾಪಾರ ಅಂದ್ರೆ ಮೂರು ಹೆಸರು, ಪ್ಯಾರಿ, ಬಿನ್ನಿ, ಅರ್ಬತ್‌ನಾಟ್. ಪ್ಯಾರಿ ಚೆನ್ನೈನ ಪ್ಯಾರಿಸ್ ಕಾರ್ನರಲ್ಲಿ ಉಳೀತು, ಬಿನ್ನಿ ನಮ್ಮ ಬೆಂಗಳೂರಿನ ಬಿನ್ನಿಪೇಟೆಯಲ್ಲೂ ಉಳೀತು. ಅರ್ಬತ್‌ನಾಟ್ ಮಾತ್ರ ಜನರ ಬಾಯಿಂದಲೇ ಅಳಿಸಿಹೋಯ್ತು, ಆಗ ಮೂರರಲ್ಲೂ ಗಟ್ಟಿ ಕುಳ ಅಂತ ಜನ ನಂಬಿದ್ದು ಅದನ್ನೇ ಆದ್ರೂ.

ಬ್ಯಾಂಕ್ ಆಫ್ ಮದ್ರಾಸ್‌ಗೂ ಇದಕ್ಕೂ ಇದ್ದ ವ್ಯತ್ಯಾಸ ನೋಡಿ. ಬ್ಯಾಂಕ್ ಆಫ್ ಮದ್ರಾಸ್ ಪ್ರೆಸಿಡೆನ್ಸಿ ಬ್ಯಾಂಕು, ಸರ್ಕಾರದ ಕಾನೂನಿನ ಕೂಸು, 1876ರ ಆಕ್ಟು ಅದರ ಕೈಕಾಲು ಕಟ್ಟಿಹಾಕಿತ್ತು, ಇಂಥದ್ದರ ಮೇಲೆ ಸಾಲ ಕೊಡಬೇಡ, ಇಷ್ಟು ದಿನಕ್ಕಿಂತ ಜಾಸ್ತಿ ಕೊಡಬೇಡ ಅಂತ. ಅದಕ್ಕೆ ಕಾರಣ 1860ರ ದಶಕದಲ್ಲಿ ಹತ್ತಿ ಹುಚ್ಚಿನಲ್ಲಿ ಮುಳುಗಿದ ಬ್ಯಾಂಕ್ ಆಫ್ ಬಾಂಬೆ. ಅಮೆರಿಕದ ಅಂತರ್ಯುದ್ಧಕ್ಕೆ ಅಲ್ಲಿನ ಹತ್ತಿ ನಿಂತು ನಮ್ಮ ಧಾರವಾಡದ ಹತ್ತಿ ಕುಮಟಾ ಬಂದರಲ್ಲಿ ಹಡಗು ಹತ್ತಿದ ಕಾಲ ಅದು, ಅದೇ ಒಂದು ದೊಡ್ಡ ಕಥೆ, ಇನ್ನೊಂದ್ಸಲ ನೋಡೋಣ. ಕಟ್ಟುಪಾಡು ಇದ್ದಿದ್ದಕ್ಕೆ ಬ್ಯಾಂಕ್ ಆಫ್ ಮದ್ರಾಸಲ್ಲಿ ಬಡ್ಡಿ ಕಮ್ಮಿ.

ಅರ್ಬತ್‌ನಾಟ್ ಕಂಪನಿಗೆ ಅಂಥ ಯಾವ ಲಗಾಮೂ ಇಲ್ಲ. ಅದು ಲಿಮಿಟೆಡ್ ಕಂಪನಿಯೂ ಅಲ್ಲ, ಹೆಸರಲ್ಲಿ ಕಂಪನಿ ಅಂತಿದ್ರೂ ಬರೀ ಪಾಲುದಾರಿಕೆ, ನಾಲ್ಕು ಜನ ಸೇರಿ ಅಂಗಡಿ ಇಟ್ಟ ಹಾಗೆ. ಏಜೆನ್ಸಿ, ರಫ್ತು, ತೋಟ, ಗಣಿ ಎಲ್ಲದರಲ್ಲೂ ಕೈ, ಜೊತೆಗೆ ಜನರಿಂದ ಡಿಪಾಸಿಟ್. ಲೆಕ್ಕ ಅಚ್ಚು ಹಾಕಿಸಿ ಜನರ ಮುಂದೆ ಇಡಬೇಕು ಅಂತ ಯಾರೂ ಕೇಳ್ತಿರಲಿಲ್ಲ. ಮುಖ್ಯಸ್ಥ ಸರ್ ಜಾರ್ಜ್ ಅರ್ಬತ್‌ನಾಟ್, ಮದ್ರಾಸಿನ ದೊಡ್ಡ ಮನುಷ್ಯ, ಆ ಸರ್ ಅನ್ನೋ ಪದವೇ ಜನಕ್ಕೆ ಬ್ಯಾಲೆನ್ಸ್ ಶೀಟು. ಪೆನ್ಷನ್ ಪಡೆದೋರು, ವಿಧವೆಯರು, ದೇವಸ್ಥಾನದ ದುಡ್ಡು ನೋಡಿಕೊಳ್ಳೋರು ಎಲ್ಲಾ ಅಲ್ಲಿ ಇಟ್ರು.

ಲಂಡನ್ನಲ್ಲಿ ಇದಕ್ಕೆ ಜೋಡಿ ಸಂಸ್ಥೆ ಒಂದಿತ್ತು, ಪ್ಯಾಟ್ರಿಕ್ ಮ್ಯಾಕ್‌ಫೆಡ್ಯೆನ್ ಅನ್ನೋನು ನಡೆಸ್ತಿದ್ದದ್ದು. ಮದ್ರಾಸಲ್ಲಿ ಸೇರಿದ ದುಡ್ಡು ಅಲ್ಲಿ ಸಟ್ಟಾ ವ್ಯವಹಾರಕ್ಕೆ ಹೋಗಿ ಕರಗಿತು. 1906ರ ಅಕ್ಟೋಬರ್ 20ನೇ ತಾರೀಖು ಶನಿವಾರ ಮ್ಯಾಕ್‌ಫೆಡ್ಯೆನ್ ಲಂಡನ್ನಲ್ಲಿ ರೈಲಿಗೆ ಬಿದ್ದು ಸತ್ತ. ಮಧ್ಯೆ ಒಂದು ಭಾನುವಾರ. 22ನೇ ತಾರೀಖು ಸೋಮವಾರ ಮದ್ರಾಸಲ್ಲಿ ಅರ್ಬತ್‌ನಾಟ್ ಬಾಗಿಲು ಹಾಕ್ತು. ಮುತ್ತಜ್ಜನ ಡಿಪಾಸಿಟ್ಟಿಗೆ ಆಗ ಹತ್ತು ತಿಂಗಳೂ ತುಂಬಿರಲಿಲ್ಲ. ಸರ್ ಜಾರ್ಜ್ ಮೇಲೆ ಕೇಸ್ ನಡೆದು 18 ತಿಂಗಳ ಕಠಿಣ ಸಜೆ ಆಯ್ತು. ಅದೇ ಏಟಿಗೆ ಬಿನ್ನಿಯೂ ತತ್ತರಿಸಿ ಬೇರೆಯವರ ಕೈಗೆ ಹೋಯ್ತು.

ಈ ಗಲಾಟೆಯಲ್ಲಿ ಮುಂದೆ ನಿಂತ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್. ಬಿಳಿಯರ ಬ್ಯಾಂಕು ನಂಬಿ ಕೆಟ್ವಿ, ನಮ್ಮದೇ ಒಂದು ಇರಲಿ ಅಂತ ಸ್ವದೇಶಿ ಕಾವಿನಲ್ಲಿ ಚೆಟ್ಟಿಯಾರರನ್ನ ಸೇರಿಸಿ 1907ರ ಮಾರ್ಚಲ್ಲಿ ಇಂಡಿಯನ್ ಬ್ಯಾಂಕ್ ರಿಜಿಸ್ಟರ್ ಮಾಡಿಸಿದ್ರು, ಆಗಸ್ಟ್ 15ಕ್ಕೆ ವ್ಯವಹಾರ ಶುರು. ಹೊಸ ಜನ, ಹೊಸ ಬಂಡವಾಳ, ಹೊಸ ಶೇರು. ಅರ್ಬತ್‌ನಾಟ್ ಬಿದ್ದಿದ್ದಕ್ಕೇ ಇಂಡಿಯನ್ ಬ್ಯಾಂಕ್ ಹುಟ್ಟಿದ್ದು ಅನ್ನೋದು ಚರಿತ್ರೆಯಾಗಿ ಸರಿ. ಆದರೆ ಪಕ್ಕದ ಮನೆಗೆ ಬೆಂಕಿ ಬಿತ್ತು ಅಂತ ಹೆದರಿ ಹೆಂಚಿನ ಮನೆ ಕಟ್ಟಿಸಿಕೊಂಡವನು ಸುಟ್ಟ ಮನೆಯವರ ಸಾಲ ತೀರಿಸಬೇಕಾ? ರಾಯರಿಗೆ ನಾನು ಹೀಗೇ ಹೇಳಿದ್ದು, ಅವರು ನಕ್ಕರು, ಆದ್ರೆ ಒಪ್ಪಲಿಲ್ಲ. ಒಪ್ಪಿಸಿದ್ದು ಬೇರೆ.

ರಸೀದಿ ತಿರುಗಿಸಿದಾಗ

ಅಷ್ಟು ದಿನ ಎಲ್ಲಾ ಕಡೆ ಓಡಾಡ್ತಿದ್ದದ್ದು ರಸೀದಿಯ ಫೋಟೋ. ಹುಡುಗ ಟ್ರಂಕ್ ತೆಗೆದ ರಾತ್ರಿ ಮೊಬೈಲಲ್ಲಿ ತೆಗೆದಿದ್ದ ಮುಂಬದಿಯ ಫೋಟೋ, ಅದೇ ಪ್ರಿಂಟ್ ಆಗಿ ಎರಡೂ ಬ್ಯಾಂಕಿಗೆ ಹೋಗಿತ್ತು, ಏಜೆಂಟ್ ಫೈಲಲ್ಲೂ ಅದೇ. ಹಿಂದುಗಡೆ ಏನಿದೆ ಅಂತ ನಾನು ಕೇಳಿದೆ. ಹಿಂದುಗಡೆ ಎಂತದ್ದೂ ಇಲ್ಲ ಮಾರಾಯ್ರೆ, ಖಾಲಿ, ಅಂದ್ರು ರಾಯರು. ಆದ್ರೂ ತನ್ನಿ ಅಂದೆ.

ಮುಂದಿನ ವಾರ ಪ್ಲಾಸ್ಟಿಕ್ ಕವರಲ್ಲಿ ಹಾಕಿ ತಂದ್ರು. ಹಿಂಬದಿ ಖಾಲಿ ಇರಲಿಲ್ಲ. ಕಾಗದ ಕಂದು ತಿರುಗಿದ್ದಕ್ಕೆ ನೇರ ನೋಡಿದ್ರೆ ಕಾಣ್ತಿರಲಿಲ್ಲ ಅಷ್ಟೇ. ಟಾರ್ಚನ್ನ ಪಕ್ಕದಿಂದ ಓರೆಯಾಗಿ ಬಿಟ್ಟಾಗ ನೇರಳೆ ಬಣ್ಣದ ಎರಡು ರಬ್ಬರ್ ಸ್ಟಾಂಪಿನ ಗುರುತು ಎದ್ದು ಬಂತು, ಮಧ್ಯದಲ್ಲಿ ಪೆನ್ನಿಂದ ತುಂಬಿಸಿದ ಅಂಕಿ, ಪಕ್ಕದಲ್ಲಿ ಚುಟುಕು ಸಹಿ. ಒಂದರಲ್ಲಿ ಡಿವಿಡೆಂಡ್ ಅನ್ನೋ ಪದ ಚೆನ್ನಾಗೇ ಓದೋಕಾಯ್ತು, ಸುತ್ತ ಅಫಿಷಿಯಲ್ ಅಸೈನಿ, ಮದ್ರಾಸ್ ಅಂತ.

ನಂಗೆ ಅಲ್ಲಿಗೆ ಕಥೆ ಮುಗೀತು. ಡಿವಿಡೆಂಡ್ ಅಂದ ತಕ್ಷಣ ಹುಡುಗ ಶೇರಿನ ಲಾಭ ಅಂದುಕೊಂಡು ಇನ್ನೂ ಖುಷಿಯಾದ, ದಿವಾಳಿ ಭಾಷೆಯಲ್ಲಿ ಆ ಪದಕ್ಕೆ ಅರ್ಥ ಬೇರೆ. ಒಬ್ಬ ದಿವಾಳಿ ಎದ್ದಾಗ ಕೋರ್ಟಿನ ಅಧಿಕಾರಿ, ಅಂದ್ರೆ ಅಫಿಷಿಯಲ್ ಅಸೈನಿ, ಇರೋ ಬರೋ ಆಸ್ತಿನೆಲ್ಲ ವಶಕ್ಕೆ ತಗೊಂಡು ಮಾರಿ, ಸಾಲ ಕೊಟ್ಟೋರಿಗೆ ರೂಪಾಯಿಗೆ ಇಷ್ಟು ಆಣೆ ಅಂತ ಹಂಚ್ತಾನೆ. ಆ ಹಂಚಿಕೆಗೇ ಡಿವಿಡೆಂಡ್ ಅನ್ನೋದು. ಒಂದೇ ಸಲ ಬರಲ್ಲ, ಆಸ್ತಿ ಮಾರಿದ ಹಾಗೆ ಕಂತು ಕಂತಾಗಿ ಬರುತ್ತೆ, ಕೊಟ್ಟಾಗಲೆಲ್ಲ ಮೂಲ ಕಾಗದದ ಹಿಂದೆ ಗುರುತು ಹಾಕಿ ವಾಪಸ್ ಕೊಡ್ತಾರೆ. ರಸೀದಿ ಮನೆಯಲ್ಲೇ ಉಳಿದಿದ್ದಕ್ಕೆ ಅರ್ಥ ದುಡ್ಡು ತಗೊಂಡಿಲ್ಲ ಅಂತ ಅಲ್ಲ. ಬರೋದಷ್ಟು ಬಂದಿದೆ, ಪೂರ್ತಿ ಬಂದಿಲ್ಲ, ಬರೋದೂ ಇಲ್ಲ ಅಂತ.

ಆದ್ರೆ ನಾನು ಹೇಳಿದ್ರೆ ಸಾಕಾ, 2 ಕೋಟಿ 77 ಲಕ್ಷದ ಸ್ಕ್ರೀನ್‌ಶಾಟ್ ಮುಂದೆ ನನ್ನ ಟಾರ್ಚ್ ಯಾವ ಲೆಕ್ಕ. ಹಾಗಾಗಿ ಟ್ರಂಕಲ್ಲಿದ್ದ ಲೆಕ್ಕದ ಪುಸ್ತಕ ಯಾರಾದ್ರೂ ಓದಿದೀರಾ ಅಂದೆ. ಯಾರೂ ಓದಿರಲಿಲ್ಲ, ಮೋಡಿ ಲಿಪಿ ಥರ ಸುತ್ತಿ ಸುತ್ತಿ ಬರೆದ ಹಳೇ ಕೈಬರಹ. ಓದೋಕೆ ಬರ್ತಿದ್ದದ್ದು ಮನೆಯಲ್ಲಿ ಒಬ್ಬರಿಗೇ, ರಾಯರ ಸೋದರತ್ತೆ, 86 ವರ್ಷ, ಅವರಿಗೆ ಈ ಮುತ್ತಜ್ಜ ಸ್ವಂತ ಅಜ್ಜ. ಅಷ್ಟು ತಿಂಗಳಾದ್ರೂ ಅವರನ್ನ ಒಬ್ಬರೂ ಕೇಳಿರಲಿಲ್ಲ, ವಾಟ್ಸಾಪ್ ಇಲ್ಲ ನೋಡಿ ಅವರಿಗೆ. ನಾನೂ ಹೋಗಿದ್ದೆ ಆ ದಿನ. ಭೂತಗನ್ನಡಿ ಹಿಡ್ಕೊಂಡು ಅರ್ಧ ಗಂಟೆ ಪುಟ ತಿರುಗಿಸಿದ್ರು. ಮದ್ರಾಸು ಕಂಪನಿ ಬಾಬ್ತು ಅಂತ ಜಮಾ ಕಡೆಯಲ್ಲಿ ಎರಡು ಕಡೆ ಸಿಕ್ತು, ಎರಡರ ಅಂಕಿಯೂ ರಸೀದಿ ಹಿಂದಿನ ಅಂಕಿಗೆ ಸರಿಯಾಗಿ ಕೂತ್ಕೊಳ್ತು. (ಎಷ್ಟು ಅಂತ ಬರೀಬೇಡಿ ಅಂದಿದ್ದಾರೆ, ಬರೆಯಲ್ಲ. ಇಟ್ಟಿದ್ದಕ್ಕೂ ಬಂದಿದ್ದಕ್ಕೂ ಅಜಗಜಾಂತರ.) ಎರಡನೇದರ ಕೆಳಗೇ ಖರ್ಚಿನ ಕಡೆ ಚಿನ್ನದ ಅಂಗಡಿಯ ಲೆಕ್ಕ, ಮಗಳ ಮದುವೆ.

ಇದಾ ನೀವು ಹುಡುಕ್ತಿದ್ದದ್ದು, ಅಂದ್ರು ಅತ್ತೆ. ಮದ್ರಾಸಿನ ದುಡ್ಡು ಮುಳುಗಿದ್ದು ನಮ್ಮ ಅಪ್ಪಯ್ಯ ಎಷ್ಟು ಸಲ ಹೇಳಿಲ್ಲ, ಅಜ್ಜ ಆಮೇಲೆ ಬ್ಯಾಂಕಿನ ಮೆಟ್ಟಿಲು ಹತ್ತಲೇ ಇಲ್ಲಂತೆ.

ಏನಾಯ್ತು, ಏನು ಕಲಿಯೋಕೆ ಸಿಕ್ತು

ಕೋರ್ಟಿಗೆ ಹೋಗೋದು ನಿಂತಿತು. ಏಜೆಂಟ್ ಹತ್ರ ಹೋದ 40,000 ವಾಪಸ್ ಬರಲಿಲ್ಲ, ಅರ್ಜಿ ಹಾಕಿದ್ದೀನಲ್ಲ, ಕೆಲಸ ಮಾಡಿದ್ದೀನಲ್ಲ ಅಂದ. ದಾಯಾದಿಗಳಲ್ಲಿ ಇಬ್ಬರು ಇನ್ನೂ ರಾಯರೇ ಒಳಗೊಳಗೆ ಸೆಟಲ್ ಮಾಡ್ಕೊಂಡಿದ್ದಾರೆ ಅಂತ ನಂಬಿದ್ದಾರೆ, ಅದಕ್ಕೆ ನನ್ನ ಹತ್ರ ಮದ್ದಿಲ್ಲ.

ಈ ಥರ ಕಾಗದ ಇಟ್ಕೊಂಡು ಬರೋರಿಗೆ ನಾನು ಈಗ ಕೇಳೋ ಮೊದಲನೇ ಪ್ರಶ್ನೆ ಬದಲಾಗಿದೆ. ಎಲ್ಲರೂ ಕೇಳೋದು ಈ ಬ್ಯಾಂಕು ಈಗ ಯಾವ ಬ್ಯಾಂಕಾಗಿದೆ ಅಂತ. ನಾನು ಕೇಳೋದು ಇದು ಹೇಗೆ ಮುಗೀತು ಅಂತ. ಅದೇ ಮುತ್ತಜ್ಜ ಆ ವರ್ಷ ಉಡುಪಿಯ ಬ್ಯಾಂಕಲ್ಲಿ ನೂರು ರೂಪಾಯಿ ಇಟ್ಟು ಮರೆತಿದ್ರೆ ಕಥೆ ಬೇರೆ: ಅದು 1972ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಅಂತ ಹೆಸರು ಬದಲಿಸ್ತು, 1980ರಲ್ಲಿ ರಾಷ್ಟ್ರೀಕರಣ ಆಯ್ತು, 2020ರ ಏಪ್ರಿಲ್ 1ಕ್ಕೆ ಯೂನಿಯನ್ ಬ್ಯಾಂಕಿಗೆ ಸೇರಿತು, ಡಿಪಾಸಿಟ್ಟಿನ ಹೊಣೆ ಕೈಯಿಂದ ಕೈಗೆ ದಾಟಿಕೊಂಡೇ ಬಂದಿದೆ. ಪುಸ್ತಕದಲ್ಲಿ ಹೆಸರು ಸಿಕ್ಕಿದ್ರೆ ಕೇಳೋಕೆ ಒಂದು ಬಾಗಿಲಾದ್ರೂ ಇದೆ. 2023ರಿಂದ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್ಲಲ್ಲಿ ಮನೇಲಿ ಕೂತು ಹುಡುಕಬಹುದು, ಏಜೆಂಟಿಗೆ ಒಂದು ಕಾಸು ಕೊಡಬೇಕಿಲ್ಲ. ಶೇರು ಆದ್ರೆ ಮತ್ತೆ ಬೇರೆ, ರಾಷ್ಟ್ರೀಕರಣದಲ್ಲಿ ಹಳೇ ಶೇರುದಾರರಿಗೆ ಪರಿಹಾರ ಕೊಟ್ಟು ಮುಗಿಸಿದ್ರು, ಡಿಪಾಸಿಟ್ ದಾಟಿದ ಹಾಗೆ ಶೇರು ದಾಟಲ್ಲ. ದಿವಾಳಿಯಲ್ಲಂತೂ ಸರಪಳಿಯೇ ತುಂಡು. ಡಿಪಾಸಿಟ್ಟಿಗೆ ವಿಮೆ ಅನ್ನೋದು ನಮ್ಮ ದೇಶಕ್ಕೆ ಬಂದಿದ್ದೇ 1962ರಲ್ಲಿ, ಅದೂ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ 1960ರಲ್ಲಿ ಮುಳುಗಿದ ಮೇಲೆ. ಆಗ 1,500 ರೂಪಾಯಿ ತನಕ, 2020ರ ಫೆಬ್ರವರಿಯಿಂದ 5 ಲಕ್ಷ. 1906ರವರಿಗೆ ಅದೆಲ್ಲ ಎಲ್ಲಿತ್ತು.

ಇನ್ನೊಂದು, ಯಾರಿಗೂ ಅರ್ಜಿ ಬರೆಯೋ ಮುಂಚೆ ಟ್ರಂಕಲ್ಲಿರೋದನ್ನ ಪೂರ್ತಿ ಓದಿ, ಓದೋಕೆ ಬರದಿದ್ರೆ ಓದೋಕೆ ಬರೋ ಅಜ್ಜಿ ಇರುವಾಗಲೇ ಓದಿಸಿ. ಇದನ್ನ ಮೊದಲನೇ ದಿನ ಮಾಡಿದ್ರೆ ನಲವತ್ತು ಸಾವಿರ ಉಳೀತಿತ್ತು.

ಮೊನ್ನೆ ರಾಯರು ಫೋನ್ ಮಾಡಿದ್ರು. ಹಳೇ ನೋಟು, ಕಾಗದ ಸಂಗ್ರಹ ಮಾಡೋರು ಒಬ್ಬರು ಆ ರಸೀದಿಗೆ 3,000 ಕೊಡ್ತೀನಿ ಅಂದಿದ್ದಾರಂತೆ. ಮುಂಬೈಯವರು ಅದರಲ್ಲೂ ಪಾಲು ಕೇಳಿದ್ರಂತೆ, 23 ಜನಕ್ಕೆ ತಲೆಗೆ 130 ರೂಪಾಯಿ ಚಿಲ್ಲರೆ. ಅತ್ತೆಗೆ ಈಗ 90 ದಾಟಿದೆ, ಕಿವಿ ಮಂದ, ಆದ್ರೂ ಈ ಮಾತು ಹೇಗೋ ಕೇಳಿಸಿದೆ. ರಸೀದಿನ ಆ ಲೆಕ್ಕದ ಪುಸ್ತಕದ ಒಳಗೆ, ಮದುವೆ ಚಿನ್ನದ ಲೆಕ್ಕ ಇರೋ ಪುಟದಲ್ಲಿ ಇಟ್ಟು, ಪುಸ್ತಕ ತಮ್ಮ ಗೋದ್ರೇಜ್ ಕಪಾಟಿಗೆ ಸೇರಿಸಿ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸ್ಕೊಂಡಿದ್ದಾರಂತೆ.